ರಾತ್ರಿ ಹೊತ್ತು ನ್ಯಾಸ್ ಗುಂಯ್ ಅಂತಿದೆ, ನಡುನಡುವೆ ಟಕ್ ಅಂತಿದೆ: ಡ್ರೈವ್ ಹೋಗ್ತಿದೆಯಾ?

ಕಟ್ಟೆಮನೆ (ತೀರ್ಥಹಳ್ಳಿ ಕಡೆ)

ಎಲ್ರಿಗೂ ನಮಸ್ಕಾರ. ಮಳೆಗಾಲಕ್ಕೆ ಮುಂಚೆ ಶಿವಮೊಗ್ಗದ ಬಾಡಿಗೆ ಮನೆ ಬಿಟ್ಟು ಊರಿಗೆ ಬಂದ್ವಿ. ಕೆಲಸ ಮನೆಯಿಂದಲೇ. ಜೊತೆಗೆ ಎರಡು ಡ್ರೈವ್ ಹಾಕುವ ನ್ಯಾಸ್ ಪೆಟ್ಟಿಗೆಯೂ (ನೆಟ್‌ವರ್ಕಿಗೆ ಜೋಡಿಸಿ ಮನೆಯ ಫೈಲೆಲ್ಲ ಇಡೋ ಹಾರ್ಡ್‌ಡಿಸ್ಕ್ ಪೆಟ್ಟಿಗೆ) ಬಂತು. ಎರಡೂ 8 ಟಿಬಿ, ಮಿರರ್ ಮಾಡಿದ್ದೇನೆ, ಅಂದ್ರೆ ಒಂದರಲ್ಲಿರೋದೇ ಇನ್ನೊಂದರಲ್ಲೂ ಇರುತ್ತೆ. ಅದರಲ್ಲಿ ಮನೆ ಫೋಟೊಗಳು, ತೋಟದ ಕಾಗದಪತ್ರದ ಸ್ಕ್ಯಾನು, ಎಲ್ಲಕ್ಕಿಂತ ಮುಖ್ಯವಾಗಿ ಅಪ್ಪಯ್ಯ ಹತ್ತಾರು ವರ್ಷ ಕ್ಯಾಸೆಟ್ಟಲ್ಲಿ ಹಿಡಿದಿಟ್ಟ ತಾಳಮದ್ದಳೆಗಳು ಇವೆ. ಕ್ಯಾಸೆಟ್ಟುಗಳಿಗೆಲ್ಲ ಬೂಷ್ಟು ಹಿಡಿದು ಹೋಗಿದೆ. ಉಳಿದಿರೋದು ಇದೊಂದೇ.

ಪೆಟ್ಟಿಗೆ ಇಟ್ಟಿರೋದು ಉಪ್ಪರಿಗೆಯಲ್ಲಿ, ಗೋಡೆಗೆ ಹೊಡೆದ ಹಲಸಿನ ಹಲಗೆ ಮೇಲೆ. ನೆಲವೂ ಹಲಗೆಯದ್ದೇ. ಕೆಳಗೆ ಅಪ್ಪಯ್ಯ ಮಲಗುವ ಕೋಣೆ.

ಶಬ್ದ ಎರಡು ತರ. ಒಂದು ಗುಂಯ್ ಅಂತ, ಏರುತ್ತೆ, ಇಳಿಯುತ್ತೆ, ಮತ್ತೆ ಏರುತ್ತೆ. ಇನ್ನೊಂದು ಟಕ್ ಅಂತ, ನಾಲ್ಕೈದು ಸೆಕೆಂಡಿಗೊಮ್ಮೆ, ಯಾರೂ ಫೈಲ್ ಮುಟ್ಟದೆ ಇದ್ದಾಗಲೂ. ಅಪ್ಪಯ್ಯನಿಗೆ ನಿದ್ದೆ ಬರ್ತಿಲ್ಲ. "ಮೇಲೆ ಎಂತದೋ ಕೂತ್ಕಂಡು ಗುನುಗ್ತಾ ಇದೆ" ಅಂತಾರೆ. ನನಗೆ ನಿದ್ದೆಗಿಂತ ಡ್ರೈವಿನ ಚಿಂತೆ. ಶಿವಮೊಗ್ಗದಲ್ಲಿ ಈ ಶಬ್ದ ಇರಲಿಲ್ಲ. ಬರುವಾಗ ಘಾಟಿ ರಸ್ತೆಯಲ್ಲಿ ಎಲ್ಲಾದ್ರೂ ಪೆಟ್ಟು ಬಿತ್ತಾ ಅಂತ ಅನುಮಾನ.

ಹೊಸನಗರದವ

ಟಕ್ ಟಕ್ ಅಂದ್ರೆ ಡ್ರೈವ್ ಮುಗೀತು ಅಂತಲೇ ಅರ್ಥ. ನನ್ನ ಹಳೇ ಕಂಪ್ಯೂಟರಿನದ್ದು ಹಿಂಗೇ ಮಾಡಿ ಹೋಯ್ತು. ಎರಡೂ ಬದಲಾಯಿಸಿಬಿಡಿ.

ದುರ್ಗಿಗುಡಿ ಸರ್ವಿಸ್

ಸ್ವಾಮಿ, ಹಂಗೆ ಹೇಳಿ ಹೆದರಿಸಬೇಡಿ. ಅಂಗಡಿಗೆ "ಹಾರ್ಡ್‌ಡಿಸ್ಕ್ ಶಬ್ದ ಮಾಡ್ತಿದೆ" ಅಂತ ತರೋ ಪೆಟ್ಟಿಗೆಗಳಲ್ಲಿ ಎಷ್ಟೋ ಸಲ ಹಾರ್ಡ್‌ಡಿಸ್ಕ್ ಸರಿಯಾಗೇ ಇರುತ್ತೆ. ಫ್ಯಾನಿನ ಬೇರಿಂಗ್ ಸವೆದಿರುತ್ತೆ, ಇಲ್ಲಾ ಧೂಳು ಗಟ್ಟಿಯಾಗಿ ರೆಕ್ಕೆಗೆ ತಾಗ್ತಿರುತ್ತೆ. ನಮ್ಮ ಕಡೆ ಸಣ್ಣ ಹಲ್ಲಿ, ಇರುವೆ ಗೂಡು ಕೂಡ ಸಿಗುತ್ತೆ. ಫ್ಯಾನ್ ಶಬ್ದ ಪೆಟ್ಟಿಗೆಯೊಳಗಿಂದಲೇ ಬರೋದ್ರಿಂದ ಎಲ್ಲರೂ ಡ್ರೈವ್ ಅಂದ್ಕೊಳ್ತಾರೆ.

ಕಟ್ಟೆಮನೆಯವರೇ, ಮೊದಲು ಫ್ಯಾನ್ ಬೇರೆ, ಡ್ರೈವ್ ಬೇರೆ ಮಾಡಿ ಕೇಳಿ. ಮೆನುವಿನಿಂದ ಸರಿಯಾಗಿ ಶಟ್‌ಡೌನ್ ಮಾಡಿ. ಎಡ ಯಾವುದು, ಬಲ ಯಾವುದು ಅಂತ ಡ್ರೈವ್ ಟ್ರೇ ಮೇಲೆ ಪೆನ್ನಲ್ಲಿ ಬರೆದು ಎರಡನ್ನೂ ಹೊರಗೆ ತೆಗೆಯಿರಿ. ಖಾಲಿ ಪೆಟ್ಟಿಗೆ ಆನ್ ಮಾಡಿ. ಈಗ ಕೇಳೋದು ಬರೀ ಫ್ಯಾನ್. ಗುಂಯ್ ಇನ್ನೂ ಇದ್ರೆ ಕೆಲಸ ಸುಲಭ ಆಯ್ತು. ಆಮೇಲೆ ಆಫ್ ಮಾಡಿ, ಅದದೇ ಜಾಗಕ್ಕೆ ಎರಡೂ ಡ್ರೈವ್ ಹಾಕಿ ಆನ್ ಮಾಡಿ. ಒಂದೇ ಡ್ರೈವ್ ಹಾಕಿ ಆನ್ ಮಾಡೋಕೆ ಹೋಗಬೇಡಿ. ಮಿರರ್ ಮುರಿದಂಗಾಗುತ್ತೆ, ಆಮೇಲೆ 8 ಟಿಬಿ ಪೂರ್ತಿ ಮತ್ತೆ ಹೊಂದಿಸ್ಕೊಂಡು ಕೂರುತ್ತೆ.

ಕೊಪ್ಪದಕ್ಕ

ಇದೆಲ್ಲದಕ್ಕೂ ಮೊದಲಿನ ಕೆಲಸ ಒಂದಿದೆ. ಆ ತಾಳಮದ್ದಳೆಗಳ ಇನ್ನೊಂದು ಪ್ರತಿ ಪೆಟ್ಟಿಗೆಯ ಹೊರಗೆ ಎಲ್ಲಾದರೂ ಇದೆಯೇ? ಮಿರರ್ ಇದ್ದರೆ ಒಂದು ಡ್ರೈವ್ ಸತ್ತಾಗ ಇನ್ನೊಂದು ನಡೆಯುತ್ತದೆ, ಅಷ್ಟೇ. ಸಿಡಿಲು ಬಡಿದರೆ, ಪೆಟ್ಟಿಗೆಯೇ ಕೆಟ್ಟರೆ, ತಪ್ಪಿ ಅಳಿಸಿದರೆ ಎರಡೂ ಒಟ್ಟಿಗೇ ಹೋಗುತ್ತವೆ. ಯುಎಸ್‌ಬಿ ಡ್ರೈವ್ ಒಂದಕ್ಕೆ ಇವತ್ತೇ ನಕಲು ಹಾಕಿ. ಶಬ್ದದ ಪತ್ತೆ ಆಮೇಲೆ ಮಾಡೋಣ. ಪರೀಕ್ಷೆಗಳನ್ನು ಓಡಿಸಿದರೆ ಸಾಯುತ್ತಿರುವ ಡ್ರೈವಿಗೆ ಇನ್ನಷ್ಟು ಆಯಾಸ. ಹಾಗಾಗಿ ನಕಲು ಮುಗಿಯುವವರೆಗೆ ಏನನ್ನೂ ಓಡಿಸಬೇಡಿ.

ಕಟ್ಟೆಮನೆ (ತೀರ್ಥಹಳ್ಳಿ ಕಡೆ)

ಸರಿ ಅಕ್ಕಾ, ನಕಲು ಹಾಕ್ತಾ ಇದ್ದೇನೆ. ತಾಳಮದ್ದಳೆ ಫೋಲ್ಡರ್ ಮೊದಲು.

ಮಳೆಕಾಡು (ಆಗುಂಬೆ)

ಇದು ಥಂಡಿಯ (ಗಾಳಿಯಲ್ಲಿನ ತೇವದ) ಕೆಲಸ ಇರ್ಬೋದು. ನಮ್ಮಲ್ಲಿ ಜೂನ್ ಬಂತು ಅಂದ್ರೆ ಕ್ಯಾಮೆರಾ ಲೆನ್ಸಿಗೆ ಬೂಷ್ಟು, ಸ್ವಿಚ್ಚಿಗೆ ತುಕ್ಕು, ಪುಸ್ತಕಕ್ಕೆ ವಾಸನೆ. ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬರೋ ಜಾಗದಲ್ಲಿ ಡ್ರೈವಿನ ಬೇರಿಂಗ್ ಉಳಿಯುತ್ತಾ?

ಕೊಪ್ಪದಕ್ಕ

ಬೇರಿಂಗಿಗೆ ಥಂಡಿ ನೇರವಾಗಿ ತಾಗುವುದಿಲ್ಲ. ಸಾಮಾನ್ಯ ಡ್ರೈವಿನ ಮೇಲೆ ಒಂದು ಸಣ್ಣ ತೂತು ಇರುತ್ತದೆ, ಪಕ್ಕದಲ್ಲಿ ಮುಚ್ಚಬೇಡಿ ಎಂದು ಬರೆದಿರುತ್ತದೆ. ಒಳಗಿನ, ಹೊರಗಿನ ಗಾಳಿಯ ಒತ್ತಡ ಸಮ ಆಗಲಿ ಅಂತ ಆ ತೂತು. ಅದರ ಹಿಂದೆ ಫಿಲ್ಟರ್ ಇದೆ. ದೊಡ್ಡ ಡ್ರೈವ್‌ಗಳಲ್ಲಿ ಹಲವು ಹೀಲಿಯಂ ತುಂಬಿ ಪೂರ್ತಿ ಬೆಸುಗೆ ಹಾಕಿದವು, ಅವಕ್ಕೆ ತೂತೇ ಇಲ್ಲ. ಎಚ್‌ಜಿಎಸ್‌ಟಿ 2013ರಲ್ಲಿ 6 ಟಿಬಿಯ ಮೊದಲ ಹೀಲಿಯಂ ಡ್ರೈವ್ ತಂದಿತು, ಈಗ ದೊಡ್ಡ ಅಳತೆಗಳಲ್ಲಿ ಅದೇ ಮಾಮೂಲು.

ಮಲೆನಾಡಿನಲ್ಲಿ ನಿಜವಾಗಿ ಹೆದರಬೇಕಾದದ್ದು ನೀರು ಹನಿಗಟ್ಟುವುದಕ್ಕೆ. ತಣ್ಣಗಿರುವ ಡ್ರೈವನ್ನು ಬೆಚ್ಚಗಿನ, ತೇವದ ಗಾಳಿಯಿರುವ ಕೋಣೆಗೆ ತಂದ ತಕ್ಷಣ ಆನ್ ಮಾಡಬಾರದು. ಕೆಲವು ಗಂಟೆ ಹಾಗೇ ಬಿಟ್ಟು ಆಮೇಲೆ ಹಾಕಬೇಕು. ಸದಾ ಓಡುತ್ತಿರುವ ಡ್ರೈವ್ ತನ್ನ ಬಿಸಿಗೇ ಒಣಗಿರುತ್ತದೆ. ತುಕ್ಕು ಹಿಡಿಯುವುದೇನಿದ್ದರೂ ಕನೆಕ್ಟರಿನ ಹಲ್ಲುಗಳಿಗೆ. ಅದರ ಸುಳಿವು ಸ್ಮಾರ್ಟ್ ರಿಪೋರ್ಟಿನ (ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) 199ನೇ ಸಾಲಿನಲ್ಲಿ ಸಿಗುತ್ತದೆ, ಕೆಳಗೆ ಬರೆಯುತ್ತೇನೆ.

ಮಳೆಕಾಡು (ಆಗುಂಬೆ)

ಓ, ಹಂಗಾದ್ರೆ ನಾನು ಮಳೆಗಾಲದಲ್ಲಿ ಆಫ್ ಮಾಡಿ ಕಪಾಟಲ್ಲಿ ಇಡೋದೇ ತಪ್ಪಾಯ್ತಲ್ಲ.

ಕೊಪ್ಪದಕ್ಕ

ಇಡಬಹುದು. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆಗೆ ಇಡಿ, ಸಾಕು.

ಕಟ್ಟೆಮನೆಯವರಿಗೆ. ನಕಲು ಮುಗಿದ ಮೇಲೆ ಎರಡೂ ಡ್ರೈವಿನ ಸ್ಮಾರ್ಟ್ ರಿಪೋರ್ಟ್ ತೆಗೆಯಿರಿ. ಸಾಲುಗಳು ತುಂಬ ಇರುತ್ತವೆ, ಎಲ್ಲ ನೋಡಬೇಕಿಲ್ಲ. 5 ಅಂದರೆ ಕೆಟ್ಟುಹೋಗಿ ಬೇರೆ ಕಡೆಗೆ ಸ್ಥಳಾಂತರವಾದ ಸೆಕ್ಟರುಗಳು (ಡೇಟಾ ಇಡುವ ಸಣ್ಣ ಸಣ್ಣ ಜಾಗಗಳು). 197 ಅಂದರೆ ಓದಲು ತಿಣುಕುತ್ತಿರುವ, ಇನ್ನೂ ತೀರ್ಮಾನವಾಗದ ಸೆಕ್ಟರುಗಳು. 198 ಅಂದರೆ ಓದಲು ಆಗದೇ ಹೋದವು. ಈ ಮೂರೂ ಸೊನ್ನೆ ಇರಬೇಕು. ಸೊನ್ನೆ ಅಲ್ಲದಿದ್ದರೂ ಸಂಖ್ಯೆ ಒಂದೇ ಕಡೆ ನಿಂತಿದೆಯೇ, ವಾರದಿಂದ ವಾರಕ್ಕೆ ಏರುತ್ತಿದೆಯೇ ಎಂಬುದು ದೊಡ್ಡ ವಿಷಯ. 199 ಅಂದರೆ ಡ್ರೈವಿಗೂ ಬೋರ್ಡಿಗೂ ನಡುವೆ ಮಾತು ತಪ್ಪಿದ ಸಲಗಳು. ಅದು ಪ್ಲ್ಯಾಟರಿನ (ಡ್ರೈವಿನೊಳಗೆ ಸುತ್ತುವ ತಟ್ಟೆ) ತೊಂದರೆ ಅಲ್ಲ, ಕನೆಕ್ಟರಿನದು. ಆ ಸಂಖ್ಯೆ ಒಮ್ಮೆ ಏರಿದರೆ ಇಳಿಯುವುದಿಲ್ಲ. ಡ್ರೈವ್ ತೆಗೆದು ಗಟ್ಟಿಯಾಗಿ ಕೂರಿಸಿದ ಮೇಲೆ ಏರುವುದು ನಿಂತರೆ ಆಯಿತು.

ಸೀಗೇಟ್ ಡ್ರೈವ್ ಆಗಿದ್ದರೆ 1 ಮತ್ತು 7ನೇ ಸಾಲಿನಲ್ಲಿ ಕೋಟಿಗಟ್ಟಲೆ ಸಂಖ್ಯೆ ಕಂಡು ಎದೆ ಒಡೆದುಕೊಳ್ಳಬೇಡಿ. ಅವರು ಒಟ್ಟು ಓದಿದ ಲೆಕ್ಕವನ್ನೂ ತಪ್ಪಿನ ಲೆಕ್ಕವನ್ನೂ ಒಂದೇ ಅಂಕಿಯಲ್ಲಿ ಸೇರಿಸಿ ಬರೆಯುತ್ತಾರೆ.

ಸ್ಮಾರ್ಟ್ ಚೆನ್ನಾಗಿದೆ ಅಂದರೆ ಡ್ರೈವ್ ಗಟ್ಟಿಯಾಗಿದೆ ಎಂಬ ಖಾತ್ರಿಯೂ ಇಲ್ಲ. ಬ್ಯಾಕ್‌ಬ್ಲೇಜ್ ಕಂಪನಿ 2016ರಲ್ಲಿ ತನ್ನ ಡ್ರೈವ್‌ಗಳ ಲೆಕ್ಕ ಕೊಟ್ಟಾಗ, ಸತ್ತವುಗಳಲ್ಲಿ ಶೇ 76.7ರಷ್ಟು ಇಂಥ ಐದು ಸಾಲುಗಳಲ್ಲಿ ಒಂದಾದರೂ ಕಡೆ ಮೊದಲೇ ಸುಳಿವು ಕೊಟ್ಟಿದ್ದವು. ಉಳಿದವು ಏನೂ ಹೇಳದೆ ಹೋದವು. ಅದಕ್ಕೇ ನಕಲು ಮೊದಲು ಅಂದದ್ದು.

ಭದ್ರಾವತಿ ಹುಡುಗ

ಡ್ರೈವಿನ ಶಬ್ದ ಕಮ್ಮಿ ಮಾಡೋ ಸೆಟ್ಟಿಂಗ್ ಒಂದಿದೆ ಅಲ್ವಾ? ಹೆಡ್ (ಡೇಟಾ ಓದಿ ಬರೆಯೋ ತುದಿ) ಮೆಲ್ಲಗೆ ಓಡಾಡೋ ಹಂಗೆ ಮಾಡೋದು. ಲಿನಕ್ಸಲ್ಲಿ ಒಂದೇ ಕಮಾಂಡ್.

ಕೊಪ್ಪದಕ್ಕ

ಇತ್ತು. ಈಗಿನ ಡ್ರೈವ್‌ಗಳಲ್ಲಿ ಅದನ್ನು ತೆಗೆದುಬಿಟ್ಟಿದ್ದಾರೆ. 8 ಟಿಬಿ ಡ್ರೈವಿನಲ್ಲಿ ಸಿಗುವ ಸಂಭವ ಇಲ್ಲ.

ಕಟ್ಟೆಮನೆ (ತೀರ್ಥಹಳ್ಳಿ ಕಡೆ)

ನಕಲು ಮುಗಿಯಿತು, ಎಲ್ಲ ಫೈಲೂ ತೆರೆಯುತ್ತಿವೆ. ಅರ್ಧ ಜೀವ ಬಂತು.

ದುರ್ಗಿಗುಡಿಯವರು ಹೇಳಿದಂಗೆ ಖಾಲಿ ಪೆಟ್ಟಿಗೆ ಓಡಿಸಿದೆ. ಸುಯ್ ಅಂತ ಗಾಳಿ ಬಿಟ್ಟರೆ ಬೇರೆ ಎಂತದೂ ಇಲ್ಲ. ಫ್ಯಾನ್ ಅಲ್ಲ.

ಸ್ಮಾರ್ಟ್: ಎರಡರಲ್ಲೂ 5, 197, 198 ಸೊನ್ನೆ. ಬಲಗಡೆ ಡ್ರೈವಿನ 199ರಲ್ಲಿ 3 ಇದೆ. ಮತ್ತೆ ಕೂರಿಸಿದ್ದೇನೆ, ನೋಡ್ತೀನಿ. ಉಷ್ಣತೆ 38, 39.

ಆದ್ರೆ ಗುಂಯ್ ಇದೆ, ಟಕ್ ಕೂಡ ಇದೆ.

ಕೊಪ್ಪದಕ್ಕ

ಒಳ್ಳೆಯ ಸುದ್ದಿ. ಈಗ ಎರಡು ಶಬ್ದಗಳನ್ನೂ ಬೇರೆ ಬೇರೆ ಹಿಡಿಯೋಣ. ಅವು ಒಂದೇ ಕಾಯಿಲೆಯ ಎರಡು ಲಕ್ಷಣ ಅಂತ ತಿಳಿಯಬೇಡಿ.

ಗುಂಯ್‌ಗೆ ಮೊಬೈಲ್ ಸಾಕು. ಆಂಡ್ರಾಯ್ಡಿನಲ್ಲಿ ಸ್ಪೆಕ್ಟ್ರಾಯ್ಡ್ ಅಂತ ಒಂದು ಆಪ್ ಇದೆ, ಕೋಣೆಯ ಶಬ್ದವನ್ನು ಗೆರೆಯಾಗಿ ತೋರಿಸುತ್ತದೆ. ಮೊಬೈಲನ್ನು ಪೆಟ್ಟಿಗೆ ಪಕ್ಕ, ಅದೇ ಹಲಗೆ ಮೇಲೆ ಇಡಿ. 50ರಿಂದ 200 ಹರ್ಟ್ಸ್ ನಡುವೆ ಎದ್ದು ನಿಂತ ಗೆರೆ ಎಲ್ಲಿದೆ ನೋಡಿ. 90ರಲ್ಲಿದ್ದರೆ ನಿಮಿಷಕ್ಕೆ 5400 ಸುತ್ತುವ ಡ್ರೈವ್, ಯಾಕೆಂದರೆ 5400ನ್ನು 60ರಿಂದ ಭಾಗಿಸಿದರೆ 90. 120ರಲ್ಲಿದ್ದರೆ 7200 ಸುತ್ತಿನದು. 100ರಲ್ಲಿದ್ದರೆ ಡ್ರೈವೇ ಅಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಟ್ರಾನ್ಸ್‌ಫಾರ್ಮರ್ ಗುನುಗುವುದು ಅದರ ಎರಡರಷ್ಟರಲ್ಲಿ. ಆಗ ಇನ್ವರ್ಟರ್ ಕಡೆ ಹೋಗಿ ಕಿವಿಗೊಡಿ.

ಡಬ್ಬದ ಮೇಲೆ ಬರೆದದ್ದನ್ನು ಪೂರ್ತಿ ನಂಬಬೇಡಿ. ವೆಸ್ಟರ್ನ್ ಡಿಜಿಟಲ್ ಕೆಲವು ದೊಡ್ಡ ಡ್ರೈವ್‌ಗಳನ್ನು 5400 ಕ್ಲಾಸ್ ಅಂತ ಮಾರುತ್ತಿತ್ತು. 2020ರಲ್ಲಿ ಬಳಕೆದಾರರು ಹೀಗೇ ಮೈಕ್ ಹಿಡಿದು ನೋಡಿದಾಗ ಗೆರೆ 90ರಲ್ಲಿ ಅಲ್ಲ, 120ರಲ್ಲಿ ಬಂತು. ಡ್ರೈವ್ ಸುತ್ತುತ್ತಿದ್ದದ್ದು 7200ರಲ್ಲಿ. ಕಿವಿಯಿಂದ ಸಿಕ್ಕಿಬಿದ್ದ ಸತ್ಯ ಅದು, ನನಗೆ ಇವತ್ತಿಗೂ ತುಂಬ ಇಷ್ಟವಾದ ಪತ್ತೆದಾರಿ.

ಒಂದು ಎಚ್ಚರಿಕೆ. ಪರೀಕ್ಷೆ ಮಾಡುವ ಭರದಲ್ಲಿ ಓಡುತ್ತಿರುವ ಪೆಟ್ಟಿಗೆಯನ್ನು ಎತ್ತಬೇಡಿ, ಓರೆ ಮಾಡಬೇಡಿ. ಸುತ್ತುವ ಪ್ಲ್ಯಾಟರಿನ ಮೇಲೆ ಹೆಡ್ ಕೂದಲಿಗಿಂತ ಎಷ್ಟೋ ಪಾಲು ಕಡಿಮೆ ಎತ್ತರದಲ್ಲಿ ತೇಲುತ್ತಿರುತ್ತದೆ. ಜಾಗ ಬದಲಾಯಿಸಬೇಕಿದ್ದರೆ ಆಫ್ ಮಾಡಿಯೇ ಬದಲಾಯಿಸಿ.

ಕಟ್ಟೆಮನೆ (ತೀರ್ಥಹಳ್ಳಿ ಕಡೆ)

ಗೆರೆ ಸರಿಯಾಗಿ 120ರಲ್ಲಿ! ಮೊಬೈಲ್ ಮೇಜಿನ ಮೇಲಿಟ್ಟಾಗ ಸಣ್ಣದು, ಹಲಗೆ ಮೇಲಿಟ್ಟಾಗ ಎತ್ತರ. ಆ ಗೆರೆ ನಿಂತಲ್ಲಿ ನಿಲ್ಲೋದಿಲ್ಲ. ನಾಲ್ಕೈದು ಸೆಕೆಂಡಲ್ಲಿ ಎತ್ತರ ಆಗಿ ಗಿಡ್ಡ ಆಗುತ್ತೆ. ಕಿವಿಗೆ ಕೇಳುವ ಏರಿಳಿತವೂ ಅದೇ ಲಯದಲ್ಲಿದೆ. ಡ್ರೈವಿನ ವೇಗವೇ ಹೆಚ್ಚುಕಮ್ಮಿ ಆಗ್ತಿದೆಯಾ? ಹಂಗಾದ್ರೆ ಮೋಟಾರ್ ಹೋಗ್ತಿದೆ ಅಂತಲ್ವಾ?

ಶ್ರುತಿಪೆಟ್ಟಿಗೆ

ಡ್ರೈವಿನ ವಿಷಯ ನನಗೆ ಅಷ್ಟು ಗೊತ್ತಿಲ್ಲ, ಸಂಗೀತದವನು. ಆದ್ರೆ ನೀವು ಹೇಳ್ತಿರೋದನ್ನ ನಾನು ದಿನಾ ಕೇಳ್ತೀನಿ. ತಂಬೂರಿಯ ನಡುವಿನ ಎರಡು ತಂತಿ ಒಂದೇ ಸ್ವರಕ್ಕೆ ಕಟ್ಟುವಾಗ, ಒಂದು ಚೂರು ಕೆಳಗಿದ್ರೆ ನಾದ ಅಲೆ ಅಲೆಯಾಗಿ ಬರುತ್ತೆ. ಒಂದೇ ತಂತಿ ಮೀಟಿದ್ರೆ ಅಲೆ ಇಲ್ಲ. ಸೇರಿದಾಗ ಮಾತ್ರ. ಶ್ರುತಿ ಹತ್ತಿರ ಬಂದಷ್ಟೂ ಅಲೆ ನಿಧಾನ ಆಗುತ್ತೆ, ಪೂರ್ತಿ ಕೂಡಿದಾಗ ನಿಲ್ಲುತ್ತೆ. ನಿಮ್ಮಲ್ಲಿ ಡ್ರೈವ್ ಎರಡಿವೆ ಅಲ್ವಾ?

ಇನ್ನೊಂದು ಮಾತು. ಹಲಸಿನ ಹಲಗೆ ಅಂದ್ರಿ. ಮೃದಂಗ, ವೀಣೆ ಮಾಡೋದು ಹಲಸಿನ ಮರದಲ್ಲೇ. ಚೆನ್ನಾಗಿ ಒಣಗಿದ ಹಲಸು ನಾದ ಕುಡಿಯೋದಿಲ್ಲ, ಹೊರಗೆ ಹಾಕುತ್ತೆ.

ಕೊಪ್ಪದಕ್ಕ

ಇದಕ್ಕಿಂತ ಚೆನ್ನಾಗಿ ನನಗೆ ಹೇಳಲಾಗುತ್ತಿರಲಿಲ್ಲ. ಅದೇ ಕಾರಣ. ಎರಡೂ 7200 ಅಂತ ಇದ್ದರೂ ಎರಡು ಮೋಟಾರುಗಳು ಅಚ್ಚು ಒಂದೇ ವೇಗದಲ್ಲಿ ಸುತ್ತುವುದಿಲ್ಲ. ಒಂದು 120.0 ಹರ್ಟ್ಸ್, ಇನ್ನೊಂದು 119.8 ಅಂತಿಟ್ಟುಕೊಳ್ಳಿ. ವ್ಯತ್ಯಾಸ 0.2. ಅಂದರೆ 5 ಸೆಕೆಂಡಿಗೆ ಒಂದು ಏರಿಳಿತ. ಮೊಬೈಲ್ ಆಪಿಗೆ ಅಷ್ಟು ಸಣ್ಣ ವ್ಯತ್ಯಾಸ ಬಿಡಿಸಿ ತೋರಿಸಲು ಬರುವುದಿಲ್ಲ, ಹಾಗಾಗಿ ಎರಡೂ ಸೇರಿ ಒಂದೇ ಗೆರೆಯಾಗಿ ಮೇಲೆ ಕೆಳಗೆ ಆಡುತ್ತದೆ. ವೇಗವೇ ಏರುಪೇರಾಗಿದ್ದರೆ ಗೆರೆ ಎಡಕ್ಕೆ ಬಲಕ್ಕೆ ಸರಿಯಬೇಕಿತ್ತು. ನಿಮ್ಮದು ಸರಿಯುತ್ತಿಲ್ಲ. ಮೋಟಾರುಗಳು ಚೆನ್ನಾಗಿವೆ.

ಶಿವಮೊಗ್ಗದಲ್ಲೂ ಈ ಗುಂಯ್ ಇದ್ದೇ ಇತ್ತು. ಅಲ್ಲಿ ಸಿಮೆಂಟಿನ ಮೇಲಿತ್ತೋ ಏನೋ. ಜೊತೆಗೆ ರಸ್ತೆಯ ಗಾಡಿಗಳ ಸದ್ದು ರಾತ್ರಿ ಹನ್ನೆರಡಕ್ಕೂ ನಿಲ್ಲುವುದಿಲ್ಲ. ನಿಮ್ಮ ಊರಲ್ಲಿ ಮಳೆ ಹೊಳವಾದ ರಾತ್ರಿ ಎಷ್ಟು ನಿಶ್ಶಬ್ದ ಅಂತ ನನಗೂ ಗೊತ್ತು. ಘಾಟಿಯಲ್ಲಿ ಪೆಟ್ಟು ಬಿದ್ದಿತೆಂಬ ಅನುಮಾನ ಬಿಡಿ.

ಕಟ್ಟೆಮನೆ (ತೀರ್ಥಹಳ್ಳಿ ಕಡೆ)

ಹೌದು, ಅಲ್ಲಿ ಟಿವಿ ಕೆಳಗಿನ ಗ್ರಾನೈಟ್ ಕಟ್ಟೆ ಮೇಲಿತ್ತು. ಇಲ್ಲಿ ಎಂತ ಮಾಡೋದು? ವಾಷಿಂಗ್ ಮೆಷಿನ್ ಕಾಲಿನಡಿ ಇಡೋ ರಬ್ಬರ್ ಬಿಲ್ಲೆ ಪೇಟೆಯಲ್ಲಿ ಸಿಗುತ್ತೆ. ಅದು ಸಾಕಾ?

ದುರ್ಗಿಗುಡಿ ಸರ್ವಿಸ್

ಆ ಬಿಲ್ಲೆ ಅರವತ್ತು ಎಪ್ಪತ್ತು ಕೆಜಿ ಮೆಷಿನ್ನಿಗೆ ಮಾಡಿದ್ದು. ಮೂರು ಕೆಜಿ ಪೆಟ್ಟಿಗೆ ಅದರ ಮೇಲೆ ಕೂತ್ರೆ ಬಿಲ್ಲೆ ಒಂಚೂರೂ ತಗ್ಗೋದಿಲ್ಲ. ತಗ್ಗದೆ ಇದ್ರೆ ನಡುಕ ಹಂಗೇ ಕೆಳಗೆ ದಾಟುತ್ತೆ. ನಾನು ಗಿರಾಕಿಗಳಿಗೆ ಹೇಳೋದು ಹಿಂಗೆ. ಮನೆ ಕಟ್ಟಿದಾಗ ಉಳಿದ ಗ್ರಾನೈಟ್ ತುಂಡೋ ಕಡಪ ಕಲ್ಲೋ ಹುಡುಕಿ, ಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಕಲ್ಲಿನ ಕೆಳಗೆ ಮೆತ್ತನೆ ಸ್ಪಂಜು, ನಾಲ್ಕು ಮೂಲೆಗೆ. ಕಲ್ಲಿನ ಮೇಲೆ ಪೆಟ್ಟಿಗೆ. ಭಾರಕ್ಕೆ ಸ್ಪಂಜು ಅರ್ಧದಷ್ಟು ತಗ್ಗಬೇಕು, ಪೂರ್ತಿ ಅಪ್ಪಚ್ಚಿ ಆಗಬಾರದು. ಸ್ಪಂಜನ್ನ ನೇರ ಪೆಟ್ಟಿಗೆ ಅಡಿಗೆ ಇಟ್ರೆ ಗಾಳಿ ಕಿಂಡಿ ಮುಚ್ಚುತ್ತೆ, ಅದು ಬೇಡ.

ಪ್ಲಾಸ್ಟಿಕ್ ಟ್ರೇಗಳು ಸಡಿಲ ಇದ್ರೂ ಜರ್‌ರ್ ಅನ್ನುತ್ತೆ. ಬ್ಯಾಗಿಗೆ ಹಾಕ್ತಾರಲ್ಲ, ಅಂಟಿಸೋ ವೆಲ್ಕ್ರೋ ಪಟ್ಟಿ, ಅದರ ಮೆತ್ತನೆ ಭಾಗವನ್ನ ಟ್ರೇ ಪಕ್ಕಕ್ಕೆ ಅಂಟಿಸಿ ಒಳಗೆ ತಳ್ಳಿ. ಬಿಗಿಯಾಗಿ ಕೂರುತ್ತೆ. ಓಡುವಾಗ ಟ್ರೇ ಮುಂಭಾಗವನ್ನ ಬೆರಳಲ್ಲಿ ಮೆಲ್ಲಗೆ ಒತ್ತಿ ಹಿಡಿದು ನೋಡಿ. ಶಬ್ದ ಬದಲಾದ್ರೆ ಟ್ರೇ ಸಡಿಲ ಅಂತ ಅರ್ಥ.

ಕಪಾಟಿನೊಳಗೆ ಮಾತ್ರ ಹಾಕಬೇಡಿ. ಶಬ್ದ ಕಮ್ಮಿ ಆಗುತ್ತೆ, ಬಿಸಿ ಏರುತ್ತೆ. ಡಬ್ಬದ ಮೇಲೆ 60, 65 ಡಿಗ್ರಿವರೆಗೆ ತಡೆಯುತ್ತೆ ಅಂತ ಬರೆದಿದ್ರೂ ನಾನು 45 ದಾಟೋಕೆ ಬಿಡೋದಿಲ್ಲ.

ಸಾಗರದ ಸ್ಟುಡಿಯೊ

ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನಂದೂ ಶಬ್ದದ್ದೇ ಸಮಸ್ಯೆ. ನಾಲ್ಕು ಡ್ರೈವಿನ ಪೆಟ್ಟಿಗೆ, ರೇಡ್ 5 (ಒಂದು ಡ್ರೈವ್ ಹೋದ್ರೂ ಡೇಟಾ ಉಳಿಯೋ ಜೋಡಣೆ), ಮದುವೆ ಫೋಟೊ, ವಿಡಿಯೊ ತುಂಬಿದೆ. ಇದರಲ್ಲಿ ಕರ್‌ರ್ ಅನ್ನುತ್ತೆ, ಟಕ್ ಟಕ್ ಟಕ್ ಟಕ್ ಒಂದೇ ಸಮ, ಆಮೇಲೆ ಸುತ್ತೋದು ನಿಂತ ಹಾಗೆ ಕೇಳುತ್ತೆ, ಮತ್ತೆ ಊಂ ಅಂತ ಶುರು. ಫೋಲ್ಡರ್ ತೆರೆಯೋಕೆ ನಿಮಿಷಗಟ್ಟಲೆ ಹಿಡಿಯುತ್ತೆ. ಸ್ಮಾರ್ಟಲ್ಲಿ ಮೂರನೇ ಡ್ರೈವಿನ 197 ಬೆಳಿಗ್ಗೆ 64 ಇತ್ತು, ಈಗ 112. ಇದೂ ಹಲಗೆ ಸಮಸ್ಯೆನಾ?

ಕೊಪ್ಪದಕ್ಕ

ಅಲ್ಲ. ನಿಮ್ಮ ಡ್ರೈವ್ ಹೋಗುತ್ತಿದೆ. ಹೆಡ್ ಜಾಗ ಹುಡುಕಿ ಸಿಗದೆ, ಹೊರಟ ಜಾಗಕ್ಕೇ ಹಿಂದಿರುಗಿ, ಮತ್ತೆ ಹುಡುಕುವ ಶಬ್ದ ಅದು. ಜೊತೆಗೆ ನಿಧಾನ, ಏರುತ್ತಿರುವ 197, ಸುತ್ತು ನಿಂತು ಶುರುವಾಗುವುದು ಎಲ್ಲ ಸೇರಿವೆ. ಹೊಸ ಫೋಟೊ ಹಾಕುವುದನ್ನು ಈಗಲೇ ನಿಲ್ಲಿಸಿ. ಗಿರಾಕಿಗಳಿಗೆ ಇನ್ನೂ ಕೊಡದ ಕೆಲಸ ಯಾವುದಿದೆಯೋ ಅದನ್ನಷ್ಟೇ ಮೊದಲು ಹೊರಗಿನ ಡ್ರೈವಿಗೆ ಹಾಕಿಕೊಳ್ಳಿ. ಡ್ರೈವ್ ಬದಲಾಯಿಸಿ ರೀಬಿಲ್ಡ್ ಕೊಡುವುದು ಆಮೇಲೆ. ರೀಬಿಲ್ಡ್ ಅಂದರೆ ಉಳಿದ ಮೂರು ಡ್ರೈವನ್ನು ಮೊದಲಿನಿಂದ ಕೊನೆಯವರೆಗೆ ಓದಿಸುವುದು. ಒಟ್ಟಿಗೆ ಕೊಂಡ ಡ್ರೈವ್‌ಗಳಾಗಿದ್ದರೆ ವಯಸ್ಸೂ ಒಂದೇ. ಆ ನಡುವೆ ಇನ್ನೊಂದು ಕೈಕೊಟ್ಟರೆ ರೇಡ್ 5ರಲ್ಲಿ ಎಲ್ಲವೂ ಹೋಗುತ್ತದೆ.

ದುರ್ಗಿಗುಡಿ ಸರ್ವಿಸ್

ಇನ್ನೊಂದು ಸೇರಿಸ್ತೀನಿ. ಮೂರನೇ ಡ್ರೈವ್ ಅಂತ ಎಡದಿಂದ ಎಣಿಸಿ ಎಳೀಬೇಡಿ. ಸಾಫ್ಟ್‌ವೇರ್ ತೋರಿಸೋ ಸೀರಿಯಲ್ ನಂಬರ್ ಬರ್ಕೊಳ್ಳಿ, ಡ್ರೈವಿನ ಚೀಟಿ ಮೇಲಿನದ್ದು ಅದೇನಾ ಅಂತ ನೋಡಿ, ಆಮೇಲೆ ಬದಲಾಯಿಸಿ. ಒಳ್ಳೇ ಡ್ರೈವ್ ಎಳೆದು, ಕೆಟ್ಟದ್ದನ್ನ ಒಳಗೇ ಬಿಟ್ಟು ಸರ್ವನಾಶ ಆಗಿ ಬಂದವರನ್ನ ನೋಡಿದೀನಿ. ಯಾರಾದ್ರೂ ಫ್ರಿಜ್ಜಲ್ಲಿಡಿ, ಮೆಲ್ಲಗೆ ತಟ್ಟಿ ಅಂದ್ರೆ ಕೇಳಬೇಡಿ. ಈ ಥಂಡಿಯಲ್ಲಿ ಫ್ರಿಜ್ಜಿಂದ ತೆಗೆದ ಡ್ರೈವಿನ ಮೇಲೆ ಕ್ಷಣದಲ್ಲಿ ನೀರು ಕೂರುತ್ತೆ.

ಸಾಗರದ ಸ್ಟುಡಿಯೊ

ಆಯ್ತು ಸರ್, ಅಕ್ಕಾ. ಕೊಡಬೇಕಾದ ಮದುವೆಗಳದ್ದು ಕಾಪಿಗೆ ಹಾಕಿದೆ. ಕೈ ನಡುಗ್ತಾ ಇದೆ.

ಕಟ್ಟೆಮನೆ (ತೀರ್ಥಹಳ್ಳಿ ಕಡೆ)

ಸಾಗರದವರೇ, ಧೈರ್ಯವಾಗಿರಿ, ಎಲ್ಲ ಬರಲಿ.

ನನ್ನ ಕಡೆ: ಪೆಟ್ಟಿಗೆಯನ್ನ ಕೆಳಗೆ ಜಗಲಿಯ ಗೋಡೆಗೂಡಿಗೆ ತಂದೆ. ಕಡಪ ಕಲ್ಲಿನ ತುಂಡು, ಕೆಳಗೆ ಸ್ಪಂಜು. ಬಲಗಡೆ ಟ್ರೇ ಒತ್ತಿದಾಗ ಶಬ್ದ ಬದಲಾಗ್ತಿತ್ತು, ವೆಲ್ಕ್ರೋ ಹಾಕಿದೆ. ಗುಂಯ್ ಹೋಯ್ತು. ಗೂಡಿಗೆ ಕಿವಿ ಕೊಟ್ಟರೆ ಮಾತ್ರ ಕೇಳುತ್ತೆ. ಆಪಿನಲ್ಲಿ 120ರ ಗೆರೆ ಇದೆ, ಆದ್ರೆ ಮೊದಲಿನ ಎತ್ತರ ಇಲ್ಲ. 199 ಕೂಡ 3ರಲ್ಲೇ ನಿಂತಿದೆ.

ಟಕ್ ಮಾತ್ರ ಹಂಗೇ ಇದೆ. ಗಡಿಯಾರ ಹಿಡಿದು ನೋಡಿದೆ, ಸುಮಾರು 5 ಸೆಕೆಂಡಿಗೊಂದು.

ಕೊಪ್ಪದಕ್ಕ

ಈ 5 ಸೆಕೆಂಡ್ ಎಷ್ಟೋ ಜನರನ್ನು ದಾರಿ ತಪ್ಪಿಸಿದೆ, ಯಾಕೆಂದರೆ ಬೇರೆ ಬೇರೆ ಎರಡು ಕೆಲಸಗಳು ಇದೇ ಅಂತರದಲ್ಲಿ ನಡೆಯುತ್ತವೆ.

ಒಂದು ಲಿನಕ್ಸಿನದು, ಅಂದರೆ ಬಹಳಷ್ಟು ನ್ಯಾಸ್ ಪೆಟ್ಟಿಗೆಗಳನ್ನು ನಡೆಸುವ ಆಪರೇಟಿಂಗ್ ಸಿಸ್ಟಂನದು. ಮೆಮೊರಿಯಲ್ಲಿ ಕಾದಿರುವ ಬರಹವನ್ನು ಡ್ರೈವಿಗೆ ಇಳಿಸುವ ಕೆಲಸಗಾರ 5 ಸೆಕೆಂಡಿಗೊಮ್ಮೆ ಏಳುತ್ತಾನೆ. ಲಿನಕ್ಸಿನಲ್ಲಿ ಫೈಲುಗಳನ್ನು ಜೋಡಿಸಿಡುವ ಇಎಕ್ಸ್‌ಟಿ4 ಫೈಲ್ ಸಿಸ್ಟಂ ತನ್ನ ಜರ್ನಲ್ (ಬದಲಾವಣೆಗಳ ದಿನಚರಿ) ಬರೆಯುವುದೂ 5 ಸೆಕೆಂಡಿಗೊಮ್ಮೆ. ಟ್ರೂನ್ಯಾಸ್ ಎಂಬ ನ್ಯಾಸ್ ಸಾಫ್ಟ್‌ವೇರಿನಲ್ಲಿರುವ ಜೆಡ್‌ಎಫ್‌ಎಸ್ ಫೈಲ್ ಸಿಸ್ಟಂನ ಲೆಕ್ಕವೂ 5. ಯಾವುದೋ ಆಪ್ ಸದಾ ಲಾಗ್ ಬರೆಯುತ್ತಿದ್ದರೆ ಆ ಬರಹ ಇದೇ ಲಯದಲ್ಲಿ ಡ್ರೈವಿಗೆ ಬೀಳುತ್ತದೆ, ಹೆಡ್ ಓಡುತ್ತದೆ, ಟಕ್. ಸಿನಾಲಜಿಯಂಥ ಪೆಟ್ಟಿಗೆಗಳಲ್ಲಿ ಆಪರೇಟಿಂಗ್ ಸಿಸ್ಟಂ ಕೂಡ ಇದೇ ಡ್ರೈವ್‌ಗಳ ಮೇಲೆ ಕೂತಿರುತ್ತದೆ. ನೀವು ಫೈಲ್ ಮುಟ್ಟದೆ ಇದ್ದರೂ ಅದು ಮುಟ್ಟುತ್ತಲೇ ಇರುತ್ತದೆ.

ಇನ್ನೊಂದು ಡ್ರೈವಿನದೇ ಸ್ವಂತ ಕೆಲಸ. ದೊಡ್ಡ ಡ್ರೈವ್‌ಗಳಲ್ಲಿ ಕೆಲವು, ಸುಮ್ಮನಿರುವಾಗ ಹೆಡ್ಡನ್ನು ಒಂದೇ ಕಡೆ ನಿಲ್ಲಿಸದೆ ಆಗಾಗ ಸರಿಸುತ್ತವೆ. ಪ್ಲ್ಯಾಟರಿನ ಮೇಲೆ ಅತಿ ತೆಳುವಾದ ಎಣ್ಣೆಯ ಪದರ ಇದೆ. ಹೆಡ್ ಒಂದೇ ಜಾಗದ ಮೇಲೆ ನಿಂತರೆ ಅದು ಸಮವಾಗಿ ಉಳಿಯುವುದಿಲ್ಲ. ವೆಸ್ಟರ್ನ್ ಡಿಜಿಟಲ್ ಇದನ್ನು ಸವೆತ ತಡೆಯುವ ವ್ಯವಸ್ಥೆ ಅಂತ ತಾನೇ ಹೇಳಿಕೊಂಡಿದೆ, ಸುಮಾರು 5 ಸೆಕೆಂಡಿಗೊಮ್ಮೆ ಸದ್ದು ಕೇಳುತ್ತದೆ ಎಂದೂ ಹೇಳಿದೆ. ಇದನ್ನು ನಿಲ್ಲಿಸಲಾಗದು, ನಿಲ್ಲಿಸಲೂಬಾರದು.

ಯಾವುದು ಅಂತ ತಿಳಿಯುವುದು ಸುಲಭ. ರಾತ್ರಿ ಕೋಣೆ ಕತ್ತಲು ಮಾಡಿ ಪೆಟ್ಟಿಗೆಯ ಮುಂದೆ ಕೂತು ಡ್ರೈವಿನ ಲೈಟುಗಳನ್ನೇ ನೋಡಿ. ಟಕ್ ಅಂದ ಹೊತ್ತಿಗೇ ಲೈಟು ಮಿನುಗಿದರೆ ಡೇಟಾ ಹೋಗುತ್ತಿದೆ, ಯಾವುದೋ ಆಪಿನ ಕೆಲಸ. ಲೈಟು ಅಲುಗದೆ ಟಕ್ ಮಾತ್ರ ಕೇಳಿದರೆ ಡ್ರೈವಿನ ಸ್ವಂತ ಕೆಲಸ. ಆಮೇಲೆ ಒಂದು ದೊಡ್ಡ ಫೈಲ್ ಕಾಪಿಗೆ ಹಾಕಿ. ಎರಡನೆಯದಾಗಿದ್ದರೆ ಕಾಪಿ ನಡೆಯುವಾಗ ಆ ಲಯ ಮಾಯವಾಗಿ, ಕಾಪಿ ಮುಗಿದ ಮೇಲೆ ಮತ್ತೆ ಬರುತ್ತದೆ.

ಕಟ್ಟೆಮನೆ (ತೀರ್ಥಹಳ್ಳಿ ಕಡೆ)

ಕೂತು ನೋಡಿದೆ ಅಕ್ಕಾ. ಎರಡೂ ಇವೆ! ಕೆಲವು ಟಕ್‌ಗೆ ಎರಡೂ ಲೈಟು ಒಟ್ಟಿಗೆ ಮಿನುಗ್ತಾವೆ, ಅದು ಜೋರು, ಕಟ ಕಟ ಅಂತ ಎರಡು ಮೂರು ಸೇರಿ ಬರುತ್ತೆ. ಲೈಟು ಮಿನುಗದೆ ಬರೋದು ಒಂದೇ ಒಂದು ಟಕ್, ಮೆತ್ತಗೆ, ಎಡಗಡೆಯಿಂದ ಒಂದ್ಸಲ, ಬಲಗಡೆಯಿಂದ ಒಂದ್ಸಲ. ಹೊರಗಿಂದ ಒಂದೇ ಅನ್ನಿಸ್ತಿತ್ತು.

ಡಾಕರಿನಲ್ಲಿ (ನ್ಯಾಸ್ ಮೇಲೆ ಬೇರೆ ಆಪ್ ಓಡಿಸೋ ಸಾಫ್ಟ್‌ವೇರ್) ತೋಟದ ಪಂಪ್ ಸೆಟ್ಟಿನ ಸೆನ್ಸರ್ ದಾಖಲೆ ಇಡೋ ಡೇಟಾಬೇಸ್ ಓಡ್ತಾ ಇತ್ತು. ಸೆಕೆಂಡಿಗೊಮ್ಮೆ ಬರೀತಿತ್ತು ಅದು. ನಿಲ್ಲಿಸಿದೆ. ಕಟ ಕಟ ನಿಂತೇಹೋಯ್ತು. ಈಗ ಉಳಿದಿರೋದು ಆ ಮೆತ್ತನೆ ಟಕ್ ಮಾತ್ರ.

ಭದ್ರಾವತಿ ಹುಡುಗ

ಡೇಟಾಬೇಸ್ ಬೇಕು ಅಂದ್ರೆ ಒಂದು ಸಣ್ಣ ಎಸ್‌ಎಸ್‌ಡಿ (ಸುತ್ತೋ ತಟ್ಟೆ ಇಲ್ಲದ ಡ್ರೈವ್) ಮೇಲೆ ಹಾಕಿ. ಶಬ್ದವೇ ಇರೋದಿಲ್ಲ. ಇಲ್ಲಾಂದ್ರೆ ನಿಮಿಷಕ್ಕೊಮ್ಮೆ ಬರೆಯೋ ಹಂಗೆ ಬದಲಾಯಿಸಿ. ಪಂಪಿಗೆ ಸೆಕೆಂಡಿನ ಲೆಕ್ಕ ಯಾಕೆ?

ಕೊಪ್ಪದಕ್ಕ

ಸರಿಯಾದ ಸಲಹೆ. ಡ್ರೈವ್ ರಾತ್ರಿ ಪೂರ್ತಿ ಮಲಗಲಿ ಅಂತ ಹೈಬರ್ನೇಶನ್ ಹಾಕುವುದಾದರೆ ಒಂದು ವಿಷಯ ನೋಡಿಕೊಳ್ಳಿ. ಮಲಗಿದ ಡ್ರೈವನ್ನು ಯಾವುದಾದರೂ ಆಪ್ ಹತ್ತು ನಿಮಿಷಕ್ಕೊಮ್ಮೆ ಎಬ್ಬಿಸುತ್ತಿದ್ದರೆ ಮಲಗಿಸುವುದಕ್ಕಿಂತ ಓಡಲು ಬಿಡುವುದೇ ಮೇಲು. 193ನೇ ಸಾಲು ಹೆಡ್ ಎಷ್ಟು ಸಲ ಪಾರ್ಕ್ ಆಯಿತು ಎಂಬ ಲೆಕ್ಕ. ನ್ಯಾಸ್ ಡ್ರೈವ್‌ಗಳನ್ನು ಸಾಮಾನ್ಯವಾಗಿ 6 ಲಕ್ಷದವರೆಗೆ ತಡೆಯುತ್ತವೆ ಅಂತ ಮಾರುತ್ತಾರೆ. ವರ್ಷಕ್ಕೆ ಸಾವಿರಗಳಲ್ಲಿ ಏರಿದರೆ ಚಿಂತೆಯಿಲ್ಲ, ದಿನಕ್ಕೇ ಸಾವಿರ ಏರಿದರೆ ಸೆಟ್ಟಿಂಗ್ ನೋಡಬೇಕು.

ಮಳೆಕಾಡು (ಆಗುಂಬೆ)

ಕರೆಂಟು ಹೋದಾಗ ಬರೋ ಟಪ್ ಅನ್ನೋ ಜೋರು ಶಬ್ದದ ಬಗ್ಗೆ ಯಾರೂ ಹೇಳಲಿಲ್ಲ. ಗಾಳಿ ಮಳೆಗೆ ಮರ ಬಿದ್ದು ದಿನಕ್ಕೆ ಎಷ್ಟು ಸಲ ಹೋಗುತ್ತೋ ಲೆಕ್ಕ ಇಲ್ಲ.

ದುರ್ಗಿಗುಡಿ ಸರ್ವಿಸ್

ಕರೆಂಟು ಹೋದ ಕೂಡಲೆ, ಇನ್ನೂ ಸುತ್ತುತ್ತಿರೋ ಪ್ಲ್ಯಾಟರಿನ ಓಟದಿಂದಲೇ ಹುಟ್ಟೋ ಕರೆಂಟಲ್ಲಿ ಡ್ರೈವ್ ಹೆಡ್ಡನ್ನ ಪಕ್ಕಕ್ಕೆ ಎಳ್ಕೊಳ್ಳುತ್ತೆ. ಅವಸರದ ಪಾರ್ಕಿಂಗ್, ಅದಕ್ಕೇ ಜೋರು. 192ನೇ ಸಾಲಲ್ಲಿ ಅದರ ಲೆಕ್ಕ ಇರುತ್ತೆ. ಒಂದೆರಡು ಸಲಕ್ಕೆ ಏನೂ ಆಗಲ್ಲ, ಆದ್ರೆ ಮಳೆಗಾಲ ಪೂರ್ತಿ ಹಂಗೇ ನಡೆಸೋದು ಬೇಡ. ಮನೆ ಇನ್ವರ್ಟರ್ ಬದಲಾಗೋ ಕ್ಷಣದಲ್ಲಿ ಪೆಟ್ಟಿಗೆ ಒಮ್ಮೊಮ್ಮೆ ಆಫ್ ಆಗುತ್ತೆ. ಯುಎಸ್‌ಬಿ ಹಗ್ಗ ಇರೋ ಸಣ್ಣ ಯುಪಿಎಸ್ ತಗೊಂಡು ನ್ಯಾಸ್‌ಗೆ ಜೋಡಿಸಿ. ಬ್ಯಾಟರಿ ಇಳಿದಾಗ ಅದೇ ಹೇಳಿ ಸರಿಯಾಗಿ ಶಟ್‌ಡೌನ್ ಮಾಡಿಸುತ್ತೆ. ಸಿಡಿಲು ಗುಡುಗು ಜೋರಾದ್ರೆ ಶಟ್‌ಡೌನ್ ಮಾಡಿ ಪ್ಲಗ್ಗು, ನೆಟ್‌ವರ್ಕ್ ಕೇಬಲ್ ಎರಡೂ ಕಿತ್ತಿಡಿ.

ಸಾಗರದ ಸ್ಟುಡಿಯೊ

ಎಲ್ರಿಗೂ ತಿಳಿಸ್ತೀನಿ ಅಂತ ಬಂದೆ. ಕೊಡಬೇಕಾದ ಮದುವೆಗಳೆಲ್ಲ ಹೊರಗೆ ಬಂದ್ವು. ಹಳೇದರಲ್ಲೂ ಬಹುಪಾಲು ಸಿಕ್ತು. ಕಾಪಿ ಮುಗಿದು ಸ್ವಲ್ಪ ಹೊತ್ತಿಗೆ ಆ ಡ್ರೈವ್ ಪೂರ್ತಿ ನಿಂತ್ಹೋಯ್ತು, ಪೆಟ್ಟಿಗೆ ಕೆಂಪು ಲೈಟು ಹಾಕ್ತು. ಸೀರಿಯಲ್ ನಂಬರ್ ನೋಡಿ ತೆಗೆದೆ. ಎಡದಿಂದ ಎಣಿಸಿದ್ರೆ ಅದು ಎರಡನೇದು! ಸಾಫ್ಟ್‌ವೇರಲ್ಲಿ ಮೂರು ಅಂತ ಇತ್ತು. ದುರ್ಗಿಗುಡಿ ಸರ್, ನಿಮ್ಮ ಆ ಒಂದು ಮಾತು ನನ್ನ ಅಂಗಡಿ ಉಳಿಸ್ತು. ಹೊಸ ಡ್ರೈವ್ ಹಾಕಿ ರೀಬಿಲ್ಡ್ ಕೊಟ್ಟಿದೀನಿ. ಈಗ ನಾಲ್ಕೂ ಡ್ರೈವ್ ಕರ ಕರ ಅಂತಾನೇ ಇವೆ, ಇದು ಸರಿಯಾದ ಶಬ್ದನಾ?

ಕೊಪ್ಪದಕ್ಕ

ಬಹಳ ಸಂತೋಷ. ಹೌದು, ರೀಬಿಲ್ಡ್ ನಡೆಯುವಾಗ ಬಿಡುವಿಲ್ಲದೆ ಹಾಗೇ ಕೇಳುತ್ತದೆ. ನಡುವೆ ಕಟ್ ಆಗದೆ, ಸುತ್ತು ನಿಲ್ಲದೆ ಒಂದೇ ಸಮ ಇದ್ದರೆ ಸರಿ. ಫ್ಯಾನ್ ಫುಲ್ ವೇಗಕ್ಕೆ ಹಾಕಿ, ಮುಗಿಯುವವರೆಗೆ ಎಡಿಟಿಂಗ್ ಕೆಲಸ ಅದರ ಮೇಲೆ ಮಾಡಬೇಡಿ. ಮುಗಿದ ಮೇಲೆ ಉಳಿದ ಮೂರು ಡ್ರೈವಿನ 5 ಮತ್ತು 197 ಇಲ್ಲಿ ಹಾಕಿ, ನೋಡೋಣ.

ಕಟ್ಟೆಮನೆಯವರೇ, ನಿಮಗೂ ಇದೇ ತರದ ಕರ ಕರ ತಿಂಗಳಿಗೊಮ್ಮೆ ಕೇಳಬಹುದು, ಡೇಟಾ ಸ್ಕ್ರಬ್ಬಿಂಗ್ (ಎಲ್ಲ ಡೇಟಾ ಓದಿ ಸರಿ ಇದೆಯೇ ಎಂದು ನೋಡುವ ಕೆಲಸ) ಹಾಕಿದ್ದರೆ. ಅದನ್ನು ನಿಲ್ಲಿಸಬೇಡಿ. ಷೆಡ್ಯೂಲಿನಲ್ಲಿ ರಾತ್ರಿಯ ಬದಲು ಬೆಳಿಗ್ಗೆ ಹತ್ತು ಗಂಟೆಗೆ ಹಾಕಿಬಿಡಿ, ಅಪ್ಪಯ್ಯ ತೋಟಕ್ಕೆ ಹೋಗಿರುವ ಹೊತ್ತಿಗೆ.

ಕಟ್ಟೆಮನೆ (ತೀರ್ಥಹಳ್ಳಿ ಕಡೆ)

ಹಾಕಿದೆ ಅಕ್ಕಾ. ಯುಪಿಎಸ್‌ಗೂ ಹೇಳಿದ್ದೇನೆ. ನಕಲು ಇಟ್ಟ ಯುಎಸ್‌ಬಿ ಡ್ರೈವನ್ನ ಶಿವಮೊಗ್ಗದಲ್ಲಿ ತಂಗಿ ಮನೆಯಲ್ಲಿ ಇಡೋದು ಅಂತ ಮಾಡಿದೆ. ಹಬ್ಬಕ್ಕೆ ಬರುವಾಗ ತರ್ತಾಳೆ, ಹೊಸದು ಸೇರಿಸಿ ಕಳಿಸ್ತೀನಿ.